ತಂಗಿಗೆ ಬರೆದುಕೊಟ್ಟ ‘ಫಂಕ್ಷನಲ್ ಮೆಡಿಸಿನ್’ ಟೆಸ್ಟ್‌ಗಳು: ಇಷ್ಟೆಲ್ಲ ಬೇಕಾ?

ಪೆರ್ಲದವ

ಈ ಗುಂಪಿನಲ್ಲಿ ಲ್ಯಾಬಿನವರು, ನರ್ಸುಗಳು, ಒಬ್ಬಿಬ್ಬರು ಡಾಕ್ಟ್ರುಗಳೂ ಇದ್ದೀರಿ ಅಂತ ಗೊತ್ತಿದ್ದೇ ಕೇಳುತ್ತಿದ್ದೇನೆ. ಬೈದರೂ ಅಡ್ಡಿಯಿಲ್ಲ, ದಾರಿ ಹೇಳಿ.

ತಂಗಿಗೆ ಮೂವತ್ತಾರು. ಬಾಯಾರಿಗೆ ಮದುವೆ ಮಾಡಿ ಕೊಟ್ಟದ್ದು. ಎರಡು ಮಕ್ಕಳು, ದನ, ತೋಟ ಎಲ್ಲ ಉಂಟು. ಒಂದು ವರ್ಷದಿಂದ ವಿಪರೀತ ಸುಸ್ತು. ಊಟ ಆದ ಕೂಡಲೇ ಹೊಟ್ಟೆ ಉಬ್ಬರಿಸುತ್ತದೆ, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಕ್ಲಿನಿಕ್ಕಿಗೆ ಹೋದರೆ ಎರಡೇ ನಿಮಿಷದಲ್ಲಿ “ಗ್ಯಾಸ್” ಅಂತ ಮಾತ್ರೆ ಬರೆದು ಕಳಿಸಿದರು. ಬೇಜಾರು ಬಂದು ಫೋನಿನಲ್ಲಿ ಹುಡುಕಿ ಬೆಂಗಳೂರಿನ ಒಬ್ಬರು ಫಂಕ್ಷನಲ್ ಮೆಡಿಸಿನ್ (ಕಾಯಿಲೆಯ ಮೂಲ ಕಾರಣ ಹುಡುಕುತ್ತೇವೆ ಅನ್ನುವ ಪದ್ಧತಿ) ಕೋಚ್ ಹತ್ತಿರ ಆನ್‌ಲೈನಿನಲ್ಲಿ ಮಾತಾಡಿದ್ದಾಳೆ. ಅವರು ಒಂದು ಗಂಟೆ ಕೂತು, ಹುಟ್ಟಿದಲ್ಲಿಂದ ಹಿಡಿದು ಎಲ್ಲ ಕೇಳಿದರಂತೆ. ಕಡೆಗೆ ಬಂದದ್ದು ಈ ಪಟ್ಟಿ: ಫುಡ್ ಸೆನ್ಸಿಟಿವಿಟಿ (ರಕ್ತದ ಐಜಿಜಿ ಆ್ಯಂಟಿಬಾಡಿ ನೋಡುವುದು, ಇನ್ನೂರಕ್ಕಿಂತ ಹೆಚ್ಚು ಆಹಾರ), ಒಣಗಿಸಿದ ಮೂತ್ರದ ಹಾರ್ಮೋನ್ ಟೆಸ್ಟ್, ಯೂರಿನ್ ಆರ್ಗ್ಯಾನಿಕ್ ಆಸಿಡ್, ಗಟ್ ಮೈಕ್ರೋಬಯೋಮ್ (ಕರುಳಿನ ಬ್ಯಾಕ್ಟೀರಿಯ), ಕೂದಲಿನ ಮಿನರಲ್ ಟೆಸ್ಟ್, ಎಂಟಿಎಚ್‌ಎಫ್‌ಆರ್ ಜೀನ್ (ಫೋಲೇಟ್ ವಿಟಮಿನ್‌ಗೆ ಸಂಬಂಧಿಸಿದ್ದಂತೆ), ಮತ್ತೆ ‘ಎನ್ವೈರನ್‌ಮೆಂಟಲ್ ಟಾಕ್ಸಿನ್ ಪ್ಯಾನೆಲ್’. ಕೊನೆಯದ್ದು ನಾವು ಕಾಸರಗೋಡಿನ ಎಣ್ಮಕಜೆಯವರು (ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು) ಅಂತ ಗೊತ್ತಾದ ಮೇಲೆ ಸೇರಿಸಿದ್ದು.

ಒಟ್ಟು ಮೂವತ್ತೆಂಟು ಸಾವಿರ ಚಿಲ್ಲರೆ. ಭಾವ ಕೊಡುವುದಿಲ್ಲ ಅಂತ ಹೇಳಿಲ್ಲ, “ಅಣ್ಣನ ಹತ್ತಿರ ಒಂದು ಮಾತು ಕೇಳು” ಅಂದಿದ್ದಾರೆ. ಅಣ್ಣನಿಗೆ ಅಡಿಕೆ ರೇಟು ಬಿಟ್ಟರೆ ಬೇರೆ ಎಂತದೂ ಗೊತ್ತಿಲ್ಲ.

ಕುಂಬಳೆ ಮಾಣಿ

ಮೂವತ್ತೆಂಟು ಸಾವಿರ! ಮಾರಾಯ್ರೆ, ಇದನ್ನು ನೋಡಿಯೇ ನನಗೆ ಸುಸ್ತು ಶುರುವಾಯಿತು. ನನಗೂ ಒಂದು ಪ್ಯಾನೆಲ್ ಬರೆಸಿ.

ಉಪ್ಪಳ ಲ್ಯಾಬ್

ತಮಾಷೆ ಆಮೇಲೆ ಮಾಡುವ. ನಾನು ಮಂಗಳೂರಿನಲ್ಲಿ ಲ್ಯಾಬಿನಲ್ಲಿದ್ದೇನೆ, ದಿನಾ ತಲಪಾಡಿ ಗಡಿ ದಾಟುವವನು. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ, ಉದ್ದ ಆದೀತು.

ಮೊದಲು ಒಂದು ವಿಷಯ. ಈ ಪಟ್ಟಿಯಲ್ಲಿ ಬಳಸುವ ಯಂತ್ರಗಳೆಲ್ಲ ಬೋಗಸ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂತ್ರದ ಆರ್ಗ್ಯಾನಿಕ್ ಆಸಿಡ್ ಪರೀಕ್ಷೆ ಒಳ್ಳೆ ಪರೀಕ್ಷೆಯೇ. ಹುಟ್ಟಿದ ಮಗು ಹಾಲು ಕುಡಿಯುವುದಿಲ್ಲ, ವಾಂತಿ, ಎಚ್ಚರ ತಪ್ಪುತ್ತದೆ ಅಂತಾದರೆ ಮೀಥೈಲ್‌ಮೆಲೋನಿಕ್ ಅಸಿಡ್ಯೂರಿಯದಂಥ ಹುಟ್ಟು ಕಾಯಿಲೆ ಹಿಡಿಯುವುದು ಅದರಲ್ಲೇ. ಅದೇ ಪರೀಕ್ಷೆಯನ್ನು ಮೂವತ್ತಾರರ ಹೆಂಗಸಿಗೆ ಮಾಡಿ “ಅರಾಬಿನೋಸ್ (ಒಂದು ಜಾತಿ ಸಕ್ಕರೆ) ಜಾಸ್ತಿ ಇದೆ, ಹೊಟ್ಟೆಯಲ್ಲಿ ಯೀಸ್ಟ್ ಬೆಳೆದಿದೆ” ಅಂತ ಓದುತ್ತಾರಲ್ಲ, ಆ ಓದಿಗೆ ಆಧಾರ ಸಾಲದು. ಹಾರ್ಮೋನಿನದ್ದೂ ಹಾಗೆಯೇ. ದಿನಕ್ಕೆ ನಾಲ್ಕೈದು ಸಲ ಫಿಲ್ಟರ್ ಪೇಪರ್ ಮೇಲೆ ಮೂತ್ರ ಹಿಡಿದು, ಒಣಗಿಸಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುತ್ತಾರೆ. ಅಳತೆ ಚೊಕ್ಕವೇ ಇರಬಹುದು. ಆದರೆ ಬೆಳಿಗ್ಗೆ ಕಾರ್ಟಿಸಾಲ್ (ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನ್) ಸ್ವಲ್ಪ ಕಮ್ಮಿ ಬಂದರೆ ‘ಅಡ್ರಿನಲ್ ಫಟೀಗ್’, ಗ್ರಂಥಿಗೆ ಸುಸ್ತು, ಅಂತ ಬರೆದುಕೊಡುತ್ತಾರೆ. ಅಮೆರಿಕದ ಹಾರ್ಮೋನ್ ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿ ಅಂಥ ಕಾಯಿಲೆಯನ್ನೇ ಒಪ್ಪುವುದಿಲ್ಲ. ಅಡ್ರಿನಲ್ ನಿಜವಾಗಿ ಕೈಕೊಟ್ಟರೆ ಅದು ಅಡಿಸನ್ ಕಾಯಿಲೆ. ಅದಕ್ಕೆ ಬೆಳಗ್ಗಿನ ರಕ್ತದ ಕಾರ್ಟಿಸಾಲ್, ಎಸಿಟಿಎಚ್ (ಅಡ್ರಿನಲನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನ್) ಇಂಜೆಕ್ಷನ್ ಕೊಟ್ಟು ನೋಡುವ ಪರೀಕ್ಷೆ ಅಂತ ಬೇರೆ ದಾರಿ ಉಂಟು.

ಇನ್ನು ‘ರೇಂಜ್’. ರಿಪೋರ್ಟಿನ ಬಲಬದಿಯಲ್ಲಿ ಇರುತ್ತದಲ್ಲ, ಇಷ್ಟರಿಂದ ಇಷ್ಟು ಅಂತ. ಸಾಮಾನ್ಯವಾಗಿ ಅದನ್ನು ಮಾಡುವುದು ಆರೋಗ್ಯವಂತರನ್ನು ಅಳೆದು, ಅದರಲ್ಲಿ ನಡುವಿನ ಶೇ. 95 ಜನ ಎಲ್ಲಿ ಬೀಳುತ್ತಾರೋ ಅದನ್ನು ಇಟ್ಟುಕೊಂಡು. ಅಂದರೆ ಎಂತದೂ ಕಾಯಿಲೆ ಇಲ್ಲದ ನೂರು ಜನರಲ್ಲಿ ಐದು ಜನ ಹೊರಗೆ ಬಿದ್ದೇ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ ಒಂದಾದರೂ ಕೆಂಪಾಗುವ ಸಾಧ್ಯತೆ ಶೇ. 64. ಎಂಬತ್ತು ಮಾಡಿದರೆ ಶೇ. 98. ದೊಡ್ಡ ಪ್ಯಾನೆಲ್ ಮಾಡಿಸಿ “ಎಲ್ಲ ಸರಿ ಉಂಟು” ಅಂತ ಬಂದವರನ್ನು ನಾನಂತೂ ಕಂಡಿಲ್ಲ. ಪ್ಯಾನೆಲ್ ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಕೂದಲಿನದ್ದು ಬಿಟ್ಟುಬಿಡಿ. 2001ರಲ್ಲಿ ಕ್ಯಾಲಿಫೋರ್ನಿಯಾದವರು ಒಬ್ಬಳೇ ಮನುಷ್ಯಳ ಕೂದಲನ್ನು ಪಾಲು ಮಾಡಿ ಆರು ಲ್ಯಾಬಿಗೆ ಕಳಿಸಿ ನೋಡಿದ್ದರು, ‘ಜಾಮಾ’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಒಬ್ಬರ ಲೆಕ್ಕ ಒಬ್ಬರಿಗೆ ತಾಳೆ ಇಲ್ಲ, ಕೊಟ್ಟ ಸಲಹೆಯೂ ಒಂದಕ್ಕೊಂದು ವಿರುದ್ಧ. ಶಾಂಪೂ, ಮದರಂಗಿ, ಬಾವಿಯ ನೀರಿನ ಕಬ್ಬಿಣ ಎಲ್ಲ ಕೂದಲಿಗೆ ಅಂಟುತ್ತದೆ. ಮೀನಿನಿಂದ ಹೊಟ್ಟೆಗೆ ಹೋದ ಪಾದರಸ ಅಳೆಯಲು ಕೂದಲು ಬಳಸುತ್ತಾರೆ ಹೌದು, ಅದು ಸಂಶೋಧನೆಯವರ ಕೆಲಸ.

ಮೈಕ್ರೋಬಯೋಮ್‌ನದ್ದೂ ಈಗ ಅವಸರ. ಆರೋಗ್ಯವಂತರ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯ ಎಷ್ಟಿರಬೇಕು ಅಂತ ಎಲ್ಲರೂ ಒಪ್ಪಿದ ಅಳತೆಯೇ ಇನ್ನೂ ಇಲ್ಲ.

ನೀರ್ಚಾಲಿನ ಅತ್ತಿಗೆ

ಐಜಿಜಿ ಟೆಸ್ಟ್ ನಾನು ಮಾಡಿಸಿದ್ದೇನೆ. ರಿಪೋರ್ಟ್ ಈಗಲೂ ಕಪಾಟಿನಲ್ಲಿ ಉಂಟು, ತೆಗೆದು ನೋಡಿಯೇ ಬರೆಯುತ್ತಿದ್ದೇನೆ. ಚಂದದ ಬಣ್ಣದ ಪುಸ್ತಕ. ಕೆಂಪು ಅಂದರೆ ಮುಟ್ಟಬಾರದು, ಹಳದಿ ಅಂದರೆ ವಾರಕ್ಕೊಮ್ಮೆ, ಹಸಿರು ಅಂದರೆ ಧಾರಾಳ.

ಕೆಂಪಿನಲ್ಲಿ ಇದ್ದದ್ದು ತೆಂಗಿನಕಾಯಿ, ಅಕ್ಕಿ, ಹಾಲು, ಗೇರುಬೀಜ, ಉದ್ದು. ಹಳದಿಯಲ್ಲಿ ಹಸಿಮೆಣಸು, ಬಾಳೆಹಣ್ಣು, ತೊಗರಿ. ಹಸಿರಿನಲ್ಲಿ ಏನಿತ್ತು ಗೊತ್ತಾ? ಆರ್ಟಿಚೋಕ್, ಕ್ರ್ಯಾನ್‌ಬೆರಿ, ಕೇಲ್, ಸಾಲ್ಮನ್ ಮೀನು, ಟರ್ಕಿ ಕೋಳಿ! ಬ್ರಾಹ್ಮಣರ ಮನೆಯ ಸೊಸೆಗೆ ಟರ್ಕಿ ಕೋಳಿ ಧಾರಾಳ. ನಮ್ಮ ಅತ್ತೆ ಪಟ್ಟಿ ಓದಿಸಿಕೊಂಡು, “ಹಾಗಾದರೆ ನಿನಗೆ ಆಗದ್ದು ಈ ಮನೆಯ ಅಡಿಗೆ ಒಂದೇ ಅಲ್ಲವಾ” ಅಂದರು.

ನಗಬೇಡಿ, ನಾನು ಕಾಯಿ, ಅನ್ನ ಎರಡನ್ನೂ ಬಿಟ್ಟೆ. ಗಂಜಿ ಇಲ್ಲ, ತಂಬುಳಿ ಇಲ್ಲ, ನೀರುದೋಸೆ ಇಲ್ಲ. ಒಂದು ಮದುವೆಯಲ್ಲಿ ಎಲೆ ಮುಂದೆ ಕೂತು ಉಪ್ಪಿನಕಾಯಿ ನೋಡಿಕೊಂಡು ಎದ್ದು ಬಂದೆ. ತೂಕ ಇಳಿಯಿತು, ಸುಸ್ತು ಹೆಚ್ಚಾಯಿತು. ಕಡೆಗೆ ದೇರಳಕಟ್ಟೆಯ ಆಸ್ಪತ್ರೆಯಲ್ಲಿ ತೋರಿಸಿದಾಗ ಅಲ್ಲಿಯ ಡಾಕ್ಟರು ಒಂದೇ ಪ್ರಶ್ನೆ ಕೇಳಿದ್ದು: “ಇದರಲ್ಲಿ ಹಸಿರು ಇದ್ದದ್ದನ್ನು ಜನ್ಮದಲ್ಲಿ ತಿಂದಿದ್ದೀರಾ?” ತಿನ್ನದ್ದಕ್ಕೆ ಐಜಿಜಿ ಎಲ್ಲಿಂದ ಬರಬೇಕು ಅಂತ.

ಉಪ್ಪಳ ಲ್ಯಾಬ್

ಅತ್ತಿಗೆಯ ಡಾಕ್ಟರು ಹೇಳಿದ್ದು ಸಮಾ ಉಂಟು. ಅಲರ್ಜಿಗೆ ನೋಡುವುದು ಐಜಿಇ ಅನ್ನುವ ಬೇರೆ ಆ್ಯಂಟಿಬಾಡಿ. ಐಜಿಜಿ, ಅದರಲ್ಲೂ ಐಜಿಜಿ4, ನಾವು ದಿನಾ ತಿನ್ನುವುದನ್ನು ದೇಹ ಗುರುತು ಹಿಡಿದದ್ದಕ್ಕೆ ಬರುವುದು, ಎಷ್ಟೋ ಸಲ ಅದು ಒಗ್ಗಿದೆ ಅನ್ನುವುದರ ಲಕ್ಷಣ. ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಆಹಾರದ ತೊಂದರೆ ಹುಡುಕಲು ಐಜಿಜಿ4 ಬಳಸಬೇಡಿ ಅಂತ ಬರೆದಿದೆ. ಅಮೆರಿಕದವರು ಅದನ್ನು ಅನುಮೋದಿಸಿದರು, ಕೆನಡಾದವರು 2012ರಲ್ಲಿ ಅದನ್ನೇ ಹೇಳಿದರು. ಆದರೂ ಅಂಗಡಿ ಮುಚ್ಚಿಲ್ಲ.

ದುಡ್ಡಿನ ಬದಿಯಿಂದ ಇನ್ನೊಂದು. ಇಂಥ ಪರೀಕ್ಷೆಗಳಿಗೇ ಹೆಸರಾದ ಅಮೆರಿಕದ ಜಿನೋವಾ ಡಯಾಗ್ನಾಸ್ಟಿಕ್ಸ್ 2020ರ ಏಪ್ರಿಲ್‌ನಲ್ಲಿ ಅಲ್ಲಿಯ ನ್ಯಾಯ ಇಲಾಖೆಯ ಜೊತೆ ರಾಜಿ ಮಾಡಿಕೊಂಡು 4.3 ಕೋಟಿ ಡಾಲರಿನವರೆಗೆ ಕಟ್ಟಲು ಒಪ್ಪಿತು. ವೈದ್ಯಕೀಯವಾಗಿ ಅಗತ್ಯವಿಲ್ಲದ ಪರೀಕ್ಷೆಗಳಿಗೆ ಸರಕಾರಿ ವಿಮೆಯಿಂದ ಬಿಲ್ ವಸೂಲು ಮಾಡಿದೆ ಅಂತ ಆರೋಪ. ಆ ಪಟ್ಟಿಯಲ್ಲಿ ಐಜಿಜಿ ಆಹಾರ ಪರೀಕ್ಷೆ, ಪೋಷಕಾಂಶದ ದೊಡ್ಡ ಪ್ಯಾನೆಲ್, ಮಲದ ಪ್ಯಾನೆಲ್ ಮೂರೂ ಇದ್ದವು. ರಾಜಿ ಅಂದಮೇಲೆ ಕೋರ್ಟಿನಲ್ಲಿ ತಪ್ಪು ಸಾಬೀತಾಗಿದೆ ಅಂತ ಅರ್ಥ ಮಾಡಬಾರದು, ಅದನ್ನೂ ಹೇಳಬೇಕು. ಅಲ್ಲಿ ವಿಮೆಯವರು ಕೇಳುತ್ತಾರೆ. ಇಲ್ಲಿ ನಮ್ಮ ಕಿಸೆಯಿಂದ ಹೋಗುವಾಗ ಕೇಳುವವರು ಯಾರು?

ಮುಳ್ಳೇರಿಯದಾಕೆ

ಎಲ್ಲರೂ ಒಂದೇ ಬದಿಗೆ ವಾಲಿದ್ದೀರಿ, ಹಾಗಾಗಿ ನಾನು ಬರೆಯಲೇಬೇಕು.

ನನಗೆ ಆರಾಮ ಆದದ್ದು ಇಂಥವರಿಂದಲೇ. ಎಂಟು ವರ್ಷ ಹೊಟ್ಟೆನೋವು, ಭೇದಿ, ಮತ್ತೆ ಮಲಬದ್ಧತೆ. ಕಾಸರಗೋಡು, ಮಂಗಳೂರು, ಕಣ್ಣೂರು ಎಲ್ಲ ಕಡೆ ಎಂಡೋಸ್ಕೋಪಿ, ಸ್ಕ್ಯಾನ್. “ಎಂತದೂ ಇಲ್ಲ, ಟೆನ್ಶನ್ ಮಾಡಬೇಡಿ.” ಟೆನ್ಶನ್ ಮಾಡಬೇಡಿ ಅನ್ನುವುದು ಒಂದು ಮದ್ದಾ? ಫಂಕ್ಷನಲ್ ಮೆಡಿಸಿನ್ ಮಾಡುವವರು (ಅವರು ಎಂಬಿಬಿಎಸ್ ಆದವರೇ) ನನ್ನ ಮಾತು ಪೂರ್ತಿ ಕೇಳಿದರು. ಏನು ತಿನ್ನುತ್ತೀರಿ, ಎಷ್ಟು ಗಂಟೆಗೆ ಮಲಗುತ್ತೀರಿ, ಅತ್ತೆ ಮನೆಯಲ್ಲಿ ಹೇಗಿದೆ ಅಂತ ಕೇಳಿದ ಮೊದಲ ಡಾಕ್ಟರ್ ಅವರು. ಟೆಸ್ಟ್ ಮಾಡಿಸಿದರು, ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಹಾಲು ಬಿಡಿಸಿದರು. ಮೂರನೇ ವಾರಕ್ಕೆ ಹೊಟ್ಟೆ ತಣ್ಣಗಾಯಿತು. ಇದನ್ನು ಸುಳ್ಳು ಅನ್ನುತ್ತೀರಾ?

ಉಪ್ಪಳ ಲ್ಯಾಬ್

ಸುಳ್ಳು ಅನ್ನುವುದಿಲ್ಲ ಅಕ್ಕ. ನಿಮಗೆ ಆರಾಮ ಆದದ್ದು ನಿಜ. ಆದರೆ ನೀವು ಹೇಳಿದ ನಾಲ್ಕು ಪದಾರ್ಥಗಳನ್ನೇ ಮತ್ತೊಮ್ಮೆ ನೋಡಿ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಮಾಡಿದ ‘ಲೋ ಫಾಡ್‌ಮ್ಯಾಪ್’ ಪಥ್ಯದಲ್ಲಿ ಮೊದಲಿಗೆ ಬಿಡಿಸುವುದೇ ಅವುಗಳನ್ನು. ಇರಿಟಬಲ್ ಬೋವೆಲ್ (ಕರುಳು ಕೆರಳುವ ತೊಂದರೆ) ಇದ್ದವರಿಗೆ ಅದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆ ಆಧಾರ ಉಂಟು. ಕರುಳಿನಲ್ಲಿ ಹುಳಿಯಾಗಿ ಗ್ಯಾಸ್ ಮಾಡುವ ಸಕ್ಕರೆಗಳು ಅವು, ಇಮ್ಯೂನಿಟಿಗೂ ಅದಕ್ಕೂ ಸಂಬಂಧವಿಲ್ಲ. ಎರಡರಿಂದ ಆರು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ಪುನಃ ತಿಂದು ನೋಡುವುದು. ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು ಮತ್ತು ತಿಳಿದ ಡಯಟೀಶಿಯನ್. ನಿಮ್ಮ ಡಾಕ್ಟರರ ಒಂದು ಗಂಟೆಗೆ ಬೆಲೆ ಉಂಟು, ಟೆಸ್ಟಿನ ದುಡ್ಡು ಮಾತ್ರ ದಂಡ ಅಂತ ನನ್ನ ಅಭಿಪ್ರಾಯ. ಮತ್ತೆ ಒಂದು: ಬಿಟ್ಟದ್ದನ್ನು ಪುನಃ ಶುರು ಮಾಡಿದ್ದೀರಾ?

ಮುಳ್ಳೇರಿಯದಾಕೆ

ಇಲ್ಲ. ಹೆದರಿಕೆ. ಆ ರಿಪೋರ್ಟ್ ಕೈಯಲ್ಲಿ ಇಲ್ಲದಿದ್ದರೆ ನಮ್ಮ ಮನೆಯವರು ನನಗೆ ಬೇರೆ ಅಡಿಗೆ ಮಾಡಿಕೊಳ್ಳಲು ಬಿಡುತ್ತಿದ್ದರಾ ಅಂತ ನೀವೇ ಹೇಳಿ. “ಸೊಸೆಯ ನಖರಾ” ಅನ್ನುತ್ತಿದ್ದವರು ಕೆಂಪು ಗೆರೆ ನೋಡಿ ಬಾಯಿ ಮುಚ್ಚಿದರು. ಲ್ಯಾಬಿನವರಿಗೆ ಇದು ಅರ್ಥ ಆಗುವುದಿಲ್ಲ.

ನೀರ್ಚಾಲಿನ ಅತ್ತಿಗೆ

ಇದಕ್ಕೆ ನನ್ನ ಎರಡೂ ಕೈ ಮೇಲೆ.

ಹೊಸಂಗಡಿ

ಎಂಟಿಎಚ್‌ಎಫ್‌ಆರ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಹೆಂಡತಿಗೆ ಎರಡು ಸಲ ಅಬಾರ್ಷನ್ ಆದ ಮೇಲೆ ಇದನ್ನು ಮಾಡಿಸಿ ‘ಪಾಸಿಟಿವ್’ ಬಂದು, ಮೀಥೈಲ್ ಫೋಲೇಟ್ ಅಂತ ದುಬಾರಿ ಮಾತ್ರೆ ಕೊಡುತ್ತಿದ್ದಾರೆ.

ಬದಿಯಡ್ಕ ಡಾಕ್ಟ್ರು (ನಿವೃತ್ತ)

ಹೊಸಂಗಡಿಯವರೇ, ಅದು ಊರೆಲ್ಲ ಇರುವ ಜೀನ್ ವ್ಯತ್ಯಾಸ. ಅಮೆರಿಕದ ಮೆಡಿಕಲ್ ಜೆನೆಟಿಕ್ಸ್ ಕಾಲೇಜು (ತಜ್ಞರ ಸಂಘ) 2013ರಲ್ಲೇ, ಪದೇ ಪದೇ ಗರ್ಭ ಹೋದವರಿಗೆ ಇದನ್ನು ಮಾಡಿಸಬೇಡಿ ಅಂತ ಹೇಳಿದೆ. ಈ ವ್ಯತ್ಯಾಸ ಇದ್ದವರಿಗೂ ಸಾದಾ ಫೋಲಿಕ್ ಆಸಿಡ್ ಮಾತ್ರೆ ಕೆಲಸ ಮಾಡುತ್ತದೆ. ಎರಡು ಸಲ ಹೋಗಿದೆ ಅಂದರೆ ನೋಡಬೇಕಾದದ್ದು ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಫಾಸ್ಫೊಲಿಪಿಡ್ ಆ್ಯಂಟಿಬಾಡಿ, ಥೈರಾಯ್ಡ್, ಗರ್ಭಕೋಶದ ಆಕಾರ. ಒಳ್ಳೆ ಸ್ತ್ರೀರೋಗ ತಜ್ಞರಲ್ಲಿ ತೋರಿಸಿ.

ಈಗ ಆ ಟಾಕ್ಸಿನ್ ಪ್ಯಾನೆಲ್. ಇದನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಎಣ್ಮಕಜೆಯವರು ಅಂತ ಗೊತ್ತಾದ ಕೂಡಲೇ ಸೇರಿಸಿದರಂತೆ! ವಿಷದ ಪರೀಕ್ಷೆ ಅಂದರೆ ಏನು, ಯಾರದ್ದು ನಂಬಬೇಕು ಅನ್ನುವ ಪಾಠವನ್ನು ಈ ಊರಿನವರಿಗೆ ಬೇರೆಯವರು ಹೇಳಿಕೊಡಬೇಕಾ?

ಕಿರಿಯರಿಗಾಗಿ ಹೇಳುತ್ತೇನೆ. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. 2001ರಲ್ಲಿ ದೆಹಲಿಯ ಪರಿಸರ ಸಂಸ್ಥೆ ಸಿಎಸ್‌ಇಯವರು ಎಣ್ಮಕಜೆಯ ಪಡ್ರೆಯ ನೀರು, ರಕ್ತ ಪರೀಕ್ಷಿಸಿ ವಿಷ ಇದೆ ಅಂದರು. ಅದೇ ವರ್ಷ ಇನ್ನೊಂದು ಸಂಸ್ಥೆಯ ವರದಿ ಅದನ್ನು ಅಲ್ಲಗಳೆಯಿತು. ಊರು ಒಂದೇ, ಲ್ಯಾಬು ಎರಡು, ಉತ್ತರ ಎರಡು. ಆಮೇಲೆ ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ಎನ್‌ಐಒಎಚ್ ಬಂದು ಮಾಡಿದ್ದು ಸರಿಯಾದ ಕ್ರಮ. ಗೇರುಗುಡ್ಡದ ಬುಡದ ಹಳ್ಳಿಯ 117 ಶಾಲೆಯ ಹುಡುಗರು, ಹೋಲಿಕೆಗೆ ಸಿಂಪಡಣೆ ಇಲ್ಲದ ಕಡೆಯ 90 ಹುಡುಗರು. ಎರಡೂ ಗುಂಪಿನ ರಕ್ತ ನೋಡಿ, ಬೆಳವಣಿಗೆ ನೋಡಿ, ವ್ಯತ್ಯಾಸ ಉಂಟು ಅಂತ ಬರೆದರು. 2003ರಲ್ಲಿ ಪ್ರಕಟವಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶವಿಡೀ ತಡೆ ಕೊಟ್ಟಿತು.

ಹೋಲಿಸಿ ನೋಡುವ ಆ ಇನ್ನೊಂದು ಗುಂಪು ನಿಮ್ಮ ಪ್ಯಾನೆಲಿನಲ್ಲಿ ಎಲ್ಲಿದೆ? ಒಬ್ಬ ಹೆಂಗಸಿನ ಒಂದು ದಿನದ ಮೂತ್ರದಲ್ಲಿ ಏನೋ ಒಂದು ಕೀಟನಾಶಕದ ಚೂರು ಸಿಕ್ಕಿದರೆ, ಇವತ್ತಿನ ಯಂತ್ರಗಳಿಗೆ ಯಾರ ಮೂತ್ರದಲ್ಲಾದರೂ ಏನಾದರೂ ಸಿಕ್ಕುತ್ತದೆ, ಅದು ಕಾಯಿಲೆಗೆ ಕಾರಣ ಅಂತ ಹೇಳುವುದು ಹೇಗೆ? ಎಂಡೋಸಲ್ಫಾನನ್ನು ದೇಹ ಬಹುಬೇಗ ಹೊರಗೆ ಹಾಕುತ್ತದೆ. ಅವಳು ಚಿಕ್ಕವಳಿದ್ದಾಗ ತಾಗಿದ್ದು ಈಗ ಮೂತ್ರದಲ್ಲಿ ಸಿಗುವುದಿಲ್ಲ. ಸಿಗಲಿಲ್ಲ ಅಂದಮಾತ್ರಕ್ಕೆ ಆಗ ತಾಗಿಯೇ ಇಲ್ಲ ಅಂತಲೂ ಆಗುವುದಿಲ್ಲ. ಎರಡು ಬದಿಗೂ ಪ್ರಯೋಜನವಿಲ್ಲದ ಕಾಗದ ಅದು.

ಇನ್ನೂ ಅಪಾಯದ್ದು, ಕೆಲವರು ಮೊದಲು ಡಿಎಂಎಸ್‌ಎ, ಇಡಿಟಿಎ ಅಂತ ಲೋಹ ಎಳೆಯುವ ಮದ್ದು ಕೊಟ್ಟು ಆಮೇಲೆ ಮೂತ್ರ ಹಿಡಿಯುತ್ತಾರೆ. ಮದ್ದು ಕೊಟ್ಟರೆ ಯಾರ ಮೂತ್ರದಲ್ಲೂ ಸೀಸ ಏರುತ್ತದೆ. ಅದನ್ನು ಮದ್ದು ಕೊಡದವರ ರೇಂಜಿಗೆ ಹೋಲಿಸಿ ‘ವಿಷ ತುಂಬಿದೆ’ ಅನ್ನುತ್ತಾರೆ. ಅಮೆರಿಕದ ಟಾಕ್ಸಿಕಾಲಜಿ (ವಿಷವಿಜ್ಞಾನ) ಕಾಲೇಜು ಈ ಕ್ರಮವನ್ನು ಒಪ್ಪುವುದಿಲ್ಲ. ಅದರ ಹಿಂದೆಯೇ ಅದೇ ಲೋಹ ಎಳೆಯುವ ಮದ್ದಿನ ಕೀಲೇಶನ್ ಡ್ರಿಪ್ ಮಾರುತ್ತಾರೆ. ತಪ್ಪು ಜಾತಿಯ ಇಡಿಟಿಎ ಕೊಟ್ಟು ಕ್ಯಾಲ್ಸಿಯಂ ಕುಸಿದು ಸತ್ತವರಿದ್ದಾರೆ.

ಸೀಸದ ಸಂಶಯ ನಿಜವಾಗಿ ಇದ್ದರೆ, ಉದಾಹರಣೆಗೆ ಯಾರೋ ಕೊಟ್ಟ ಭಸ್ಮ, ರಸೌಷಧಿ ತಿಂಗಳುಗಟ್ಟಲೆ ತಿಂದಿದ್ದರೆ, ರಕ್ತದ ಸೀಸ ಅಂತ ನೇರ ಪರೀಕ್ಷೆ ಉಂಟು. ಅದನ್ನು ಮಾಡಿಸಿ.

ಸ್ವರ್ಗದವ

ಡಾಕ್ಟ್ರೇ, ನಾನು ಎಣ್ಮಕಜೆಯ ಸ್ವರ್ಗ ಅನ್ನುವ ಊರಿನವ. ನಮ್ಮ ಊರಿನ ಹೆಸರು ಹೇಳಿ ಕಿಟ್ ಮಾರುತ್ತಾರೆ ಅಂತ ಇವತ್ತು ಗೊತ್ತಾಯಿತು. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಅಕ್ಕ ಇದ್ದಳು. ಮೆಡಿಕಲ್ ಕ್ಯಾಂಪಿನಲ್ಲಿ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸಲು ನನ್ನ ಅಮ್ಮ ಎಷ್ಟು ಸಲ ಸಾಲು ನಿಂತಿದ್ದಾಳೆ ಅಂತ ದೇವರಿಗೇ ಗೊತ್ತು. ಆಗ ಒಂದು ಒಳ್ಳೆ ಟೆಸ್ಟ್ ಮಾಡಿ ಅಂದರೆ ಯಾರೂ ಇರಲಿಲ್ಲ. ಈಗ ಮನೆ ಬಾಗಿಲಿಗೆ ಕೊರಿಯರ್ ಬರುತ್ತದೆ.

ಹೆಚ್ಚು ಬರೆದರೆ ಬಾಯಿ ಹಾಳಾಗುತ್ತದೆ.

ಪೆರ್ಲದವ

ಸ್ವರ್ಗದವರೇ, ನಿಮ್ಮ ಮಾತು ಓದಿ ತಂಗಿಗೆ ಕಳಿಸಿದೆ. ಟಾಕ್ಸಿನ್ ಬೇಡ ಅಂತ ಅವಳೇ ಹೇಳಿದ್ದಾಳೆ.

ಡಾಕ್ಟ್ರೇ, ಅವಳ ಹಳೆ ರಿಪೋರ್ಟ್ ಒಂದು ಸಿಕ್ಕಿತು, ಹೋದ ವರ್ಷ ಜ್ವರ ಬಂದಾಗ ಮಾಡಿಸಿದ್ದು. ಆಗ ಡೆಂಗಿ ನೆಗೆಟಿವ್ ಅಂತ ನೋಡಿ ಮಡಚಿ ಇಟ್ಟದ್ದಂತೆ. ಹಿಮೋಗ್ಲೋಬಿನ್ 9.8, ಎಂಸಿವಿ 71, ಆರ್‌ಬಿಸಿ 4.3, ಆರ್‌ಡಿಡಬ್ಲ್ಯೂ 18. ಕೋಚ್‌ಗೆ ಇದನ್ನು ತೋರಿಸಿದ್ದಾಳಂತೆ. ಅವರು “ಇದೆಲ್ಲ ಕನ್ವೆನ್ಶನಲ್ ಮಾರ್ಕರ್ಸ್, ನಾವು ರೂಟ್ ಕಾಸ್ ನೋಡುವ” ಅಂದರಂತೆ. ಕೂದಲಿಗೆ ಅಂತ ಮೆಡಿಕಲಿನಿಂದ ಬಯೋಟಿನ್ ವಿಟಮಿನ್ 10 ಮಿಲಿಗ್ರಾಂ ತಂದು ತಿನ್ನುತ್ತಿದ್ದಾಳೆ, ಅದರಿಂದ ತೊಂದರೆ ಉಂಟಾ?

ಬದಿಯಡ್ಕ ಡಾಕ್ಟ್ರು (ನಿವೃತ್ತ)

ನಾನು ಇಲ್ಲಿ ಮದ್ದು ಬರೆಯುವುದಿಲ್ಲ, ಆದರೆ ಈ ರಿಪೋರ್ಟ್ ಹಿಡಿದುಕೊಂಡು ನಾಳೆಯೇ ಕುಟುಂಬಾರೋಗ್ಯ ಕೇಂದ್ರಕ್ಕೆ ಹೋಗಲಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ರ ಕೆಳಗೆ ಇಳಿದರೆ ರಕ್ತಹೀನತೆ. ಎಂಸಿವಿ ನೋಡಿದರೆ ಕೆಂಪು ರಕ್ತಕಣ ಸಣ್ಣದಾಗಿದೆ, ಆರ್‌ಡಿಡಬ್ಲ್ಯೂ ನೋಡಿದರೆ ಒಂದೊಂದು ಒಂದೊಂದು ಗಾತ್ರ. ಎಂಸಿವಿಯನ್ನು ಆರ್‌ಬಿಸಿಯಿಂದ (ಕೆಂಪುಕಣದ ಲೆಕ್ಕ) ಭಾಗಿಸಿದರೆ ಹದಿನಾರೂವರೆ ಬರುತ್ತದೆ. ಹದಿಮೂರಕ್ಕಿಂತ ಕಮ್ಮಿ ಇದ್ದರೆ ಥಲಸ್ಸೀಮಿಯ ಟ್ರೇಟ್ (ಹುಟ್ಟಿನಿಂದ ಬರುವ ರಕ್ತದ ದೋಷ) ಸಂಶಯ, ಹೆಚ್ಚಿದ್ದರೆ ಕಬ್ಬಿಣದ ಕೊರತೆ ಅಂತ ಒಂದು ಹಳೆ ಅಂದಾಜು. ಅಂದಾಜು ಮಾತ್ರ, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ನೋಡಿ ಖಚಿತ ಮಾಡಬೇಕು. ಸುಸ್ತಿಗೂ ಕೂದಲು ಉದುರುವುದಕ್ಕೂ ಇದೊಂದೇ ಸಾಕು.

ರೂಟ್ ಕಾಸ್ ಬೇಕು ಅಂತ ಆದರೆ ಬನ್ನಿ, ಹುಡುಕುವ. ಕಬ್ಬಿಣ ಎಲ್ಲಿ ಹೋಗುತ್ತಿದೆ? ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದಾ ಅಂತ ಯಾರಾದರೂ ಕೇಳಿದ್ದಾರಾ? ತೋಟದಲ್ಲಿ ಬರಿಗಾಲಲ್ಲಿ ನಡೆಯುತ್ತಾಳಾ? ಕೊಕ್ಕೆಹುಳ ಅಂಗಾಲಿನ ಚರ್ಮದಿಂದಲೇ ಒಳಗೆ ಹೋಗಿ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಅದಕ್ಕೆ ಮೈಕ್ರೋಬಯೋಮ್ ಬೇಡ, ಮೈಕ್ರೋಸ್ಕೋಪಿನಲ್ಲಿ ಮೊಟ್ಟೆ ಕಾಣುತ್ತದೆ. ಸಾದಾ ಮಲಪರೀಕ್ಷೆ ಸಾಕು. ಹೊಟ್ಟೆ ಉಬ್ಬರವೂ ಇರುವುದರಿಂದ ಗೋಧಿಯಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಗೆ ಟಿಟಿಜಿ-ಐಜಿಎ ಅನ್ನುವ ರಕ್ತಪರೀಕ್ಷೆ ಒಂದು. ಥೈರಾಯ್ಡಿಗೆ ಟಿಎಸ್‌ಎಚ್ ಒಂದು.

ಬಯೋಟಿನ್ ಕೇಳಿದ್ದು ಒಳ್ಳೆಯದಾಯಿತು. ಥೈರಾಯ್ಡಿಗೆ ರಕ್ತ ಕೊಡುವ ಮೊದಲು ಅದನ್ನು ಎರಡು ಮೂರು ದಿನವಾದರೂ ನಿಲ್ಲಿಸಬೇಕು. ಹಲವು ಯಂತ್ರಗಳ ಕಿಟ್ಟಿನಲ್ಲೇ ಬಯೋಟಿನ್ ಅಂಟು ಬಳಸುತ್ತಾರೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕೆಳಗೆ, ಥೈರಾಯ್ಡ್ ಹಾರ್ಮೋನ್ ಟಿ4 ಸುಳ್ಳೇ ಮೇಲೆ. ನೋಡಿದವರು ಥೈರಾಯ್ಡ್ ಹೆಚ್ಚಾಗಿದೆ ಅಂದುಕೊಳ್ಳುತ್ತಾರೆ. ಅಮೆರಿಕದ ಔಷಧ ನಿಯಂತ್ರಕರು, ಎಫ್‌ಡಿಎ, 2017ರಲ್ಲಿ ಇದಕ್ಕೆ ಎಚ್ಚರಿಕೆ ಕೊಟ್ಟಿದೆ.

ಕುಂಬಳೆ ಮಾಣಿ

ಒಂದು ಸಂಶಯ. ಆ ಟೆಸ್ಟ್ ಕಂಪೆನಿಯ ಜಾಹೀರಾತಿನಲ್ಲಿ ‘ಎನ್‌ಎಬಿಎಲ್ ಮಾನ್ಯತೆ’ ಅಂತ ದೊಡ್ಡದಾಗಿ ಉಂಟಲ್ಲ. ಸರಕಾರವೇ ಒಪ್ಪಿದ ಮೇಲೆ ಟೆಸ್ಟ್ ಸರಿ ಅಂತ ಅಲ್ಲವಾ?

ಉಪ್ಪಳ ಲ್ಯಾಬ್

ಎನ್‌ಎಬಿಎಲ್ ಅಂದರೆ ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಅವರು ನೋಡುವುದು ಲ್ಯಾಬುಗಳ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 15189ರ ಪ್ರಕಾರ ಲ್ಯಾಬು ಕೆಲಸ ಮಾಡುತ್ತದಾ ಅಂತ. ಕ್ಯಾಲಿಬ್ರೇಶನ್, ಕಂಟ್ರೋಲ್, ಸಿಬ್ಬಂದಿ, ದಾಖಲೆ. ಆ ಅಳತೆಯಿಂದ ರೋಗಿಗೆ ಉಪಯೋಗ ಉಂಟಾ ಅನ್ನುವುದು ಅವರ ಪ್ರಶ್ನೆಯೇ ಅಲ್ಲ. ತಕ್ಕಡಿಗೆ ಸೀಲು ಬಿದ್ದಿದೆ ಅಂದಮಾತ್ರಕ್ಕೆ ಗೋಣಿಯೊಳಗೆ ಅಡಿಕೆಯೇ ಇದೆ ಅಂತ ಆಗುವುದಿಲ್ಲವಲ್ಲ. ಮತ್ತೆ ಮಾನ್ಯತೆ ಲ್ಯಾಬಿಗೆ ಇಡಿಯಾಗಿ ಸಿಗುವುದಿಲ್ಲ, ‘ಸ್ಕೋಪ್’ ಅಂತ ಪಟ್ಟಿ ಇರುತ್ತದೆ. ಶುಗರು, ಕೊಲೆಸ್ಟರಾಲಿಗೆ ಮಾನ್ಯತೆ ಇರುವ ಲ್ಯಾಬು ಅದೇ ಲೆಟರ್‌ಹೆಡ್‌ನಲ್ಲಿ ಮಾನ್ಯತೆ ಇಲ್ಲದ ಟೆಸ್ಟನ್ನೂ ಮಾಡಬಹುದು. ಪಟ್ಟಿ ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ಸಿಗುತ್ತದೆ, ನೋಡಿ.

ಇನ್ನೊಂದು, ಬರೆದುಕೊಟ್ಟವರು ಯಾರು ಅಂತಲೂ ನೋಡಿ. ರಿಜಿಸ್ಟರ್ ಆದ ಡಾಕ್ಟರು ಲ್ಯಾಬಿನಿಂದ ಕಮಿಷನ್ ತೆಗೆದುಕೊಳ್ಳಬಾರದು ಅಂತ 2002ರ ವೃತ್ತಿ ನಡತೆಯ ನಿಯಮದಲ್ಲೇ ಉಂಟು. ಪಾಲಿಸುತ್ತಾರಾ ಅಂತ ಕೇಳಬೇಡಿ, ಕೇಳಿದರೆ ದೂರು ಕೊಡಲು ಒಂದು ಜಾಗವಾದರೂ ಉಂಟು. ಕೋಚ್ ಅಂತ ಬೋರ್ಡು ಹಾಕಿದವರಿಗೆ ಆ ನಿಯಮ ತಾಗುವುದೇ ಇಲ್ಲ.

ಮುಳ್ಳೇರಿಯದಾಕೆ

ಡಾಕ್ಟ್ರೇ, ನಿಮ್ಮ ಮೇಲೆ ಗೌರವ ಇದ್ದೇ ಕೇಳುತ್ತೇನೆ. ಆ 9.8 ಒಂದು ವರ್ಷ ಕಾಗದದಲ್ಲೇ ಇತ್ತು. ಅದನ್ನು ಕೊಟ್ಟದ್ದು ನಿಮ್ಮ ಪದ್ಧತಿಯ ಲ್ಯಾಬು, ನೋಡಿ ಮಡಚಿದ್ದು ನಿಮ್ಮ ಪದ್ಧತಿಯ ಡಾಕ್ಟರು. ಮುಟ್ಟಿನ ಬಗ್ಗೆ ನೀವು ಈಗ ಕೇಳಿದಿರಿ, ಆಗ ಕೇಳಿದವರಿಲ್ಲ. ಎರಡು ನಿಮಿಷದ ಓಪಿಯಿಂದ ಓಡಿ ಹೋಗಿಯೇ ನಾವು ಆ ಒಂದು ಗಂಟೆಯವರ ಕೈಗೆ ಸಿಗುವುದು. ಅದಕ್ಕೆ ಏನು ಹೇಳುತ್ತೀರಿ?

ಬದಿಯಡ್ಕ ಡಾಕ್ಟ್ರು (ನಿವೃತ್ತ)

ಹೇಳಲು ಏನೂ ಇಲ್ಲಮ್ಮ. ನೀವು ಹೇಳಿದ್ದು ನಿಜ. ಒಂದು ಓಪಿಯಲ್ಲಿ ನೂರು ಚೀಟಿ ಇದ್ದ ದಿನ ನಾನೂ ಎಲ್ಲರನ್ನೂ ಕೂರಿಸಿ ಮಾತಾಡಿಸುವುದು ಆಗುತ್ತಿರಲಿಲ್ಲ. ಈ ಜಿಲ್ಲೆಗೆ ಅಂತ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದ್ದು, ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. 2020ರಲ್ಲಿ ಕೊರೊನಾ ಅಂತ ಗಡಿ ಮುಚ್ಚಲು ತಲಪಾಡಿಯಲ್ಲಿ ಮಣ್ಣು ಸುರಿದಾಗ ನಮ್ಮವರು ಆಂಬ್ಯುಲೆನ್ಸಿನಲ್ಲೇ ಪ್ರಾಣ ಬಿಟ್ಟರು. ಈ ಜಿಲ್ಲೆಯವರಿಗೆ ಫೋನಿನಲ್ಲಿ ಸಿಗುವ ಬೆಂಗಳೂರೇ ಹತ್ತಿರ ಅನ್ನಿಸಿದರೆ ನಾನು ಯಾರನ್ನು ಬೈಯಲಿ? ಕೋಚ್ ಕೇಳುವ ಪ್ರಶ್ನೆಗಳೆಲ್ಲ ಒಳ್ಳೆಯವೇ, ಕೇಳಿದ ಮೇಲೆ ಬರೆದುಕೊಡುವ ಪಟ್ಟಿಗೆ ಮಾತ್ರ ನನ್ನ ತಕರಾರು.

ಪೆರ್ಲದವ

ಎಲ್ಲರಿಗೂ ವಿಷಯ ತಿಳಿಸುತ್ತೇನೆ. ಕುಟುಂಬಾರೋಗ್ಯ ಕೇಂದ್ರದಲ್ಲಿ ತೋರಿಸಿ ಆಯಿತು. ಅಲ್ಲಿಯ ಲೇಡಿ ಡಾಕ್ಟರು ಸಮಾಧಾನದಲ್ಲಿ ಕೇಳಿದರಂತೆ, ಮಲಯಾಳದಲ್ಲಿ. ತಂಗಿಗೆ ಅರ್ಧ ಅರ್ಥ ಆಗಿ, ಉಳಿದರ್ಧ ನರ್ಸಮ್ಮ ತುಳುವಿನಲ್ಲಿ ಹೇಳಿದರಂತೆ. ಫೆರಿಟಿನ್ 7, ತುಂಬ ಕಮ್ಮಿ. ಟಿಎಸ್‌ಎಚ್ ಸರಿ ಉಂಟು (ಬಯೋಟಿನ್ ನಿಲ್ಲಿಸಿಯೇ ಕೊಟ್ಟದ್ದು). ಮಲಪರೀಕ್ಷೆಯಲ್ಲಿ ಹುಳದ ಮೊಟ್ಟೆ ಸಿಗಲಿಲ್ಲ. ಮುಟ್ಟಿನದ್ದು ತೊಂದರೆ ಉಂಟು ಅಂತ ಅವಳೇ ಬಾಯಿಬಿಟ್ಟಿದ್ದಾಳೆ, ಸ್ಕ್ಯಾನಿಂಗಿಗೆ ಬರೆದಿದ್ದಾರೆ. ಕಬ್ಬಿಣದ ಮಾತ್ರೆ ಶುರು.

ಟಿಟಿಜಿ ಅಲ್ಲಿ ಇಲ್ಲ, ಹೊರಗೆ ಮಾಡಿಸಬೇಕು. ಹೊಟ್ಟೆ ಉಬ್ಬರ ಹಾಗೆಯೇ ಉಂಟು, ಕಬ್ಬಿಣ ತಿಂದು ಸ್ವಲ್ಪ ಹೆಚ್ಚೇ ಆಗಿದೆ. ಹಾಗಾಗಿ ಅವಳು ಕೋಚ್‌ನ ಮೈಕ್ರೋಬಯೋಮ್ ಕಿಟ್ ಒಂದನ್ನು ಇನ್ನೂ ಕ್ಯಾನ್ಸಲ್ ಮಾಡಿಲ್ಲ. ಉಳಿದದ್ದೆಲ್ಲ ಬೇಡ ಅಂತ ಮೆಸೇಜ್ ಹಾಕಿದ್ದಕ್ಕೆ ಆ ಬದಿಯಿಂದ ‘ನಿಮ್ಮ ಹೀಲಿಂಗ್ ಜರ್ನಿಗೆ ನೀವು ಸಿದ್ಧರಿಲ್ಲ’ ಅಂತ ಉತ್ತರ ಬಂದಿದೆ.

ಎರಡು ಪ್ರಶ್ನೆ ಉಳಿದದ್ದು. ಮಾತ್ರೆ ಚಾ ಜೊತೆ ತಿನ್ನಬಹುದಾ? ಮತ್ತೆ ಟಿಟಿಜಿ ಮಾಡಿಸುವವರೆಗೆ ಚಪಾತಿ ಬಿಡಬೇಕಾ?

ಉಪ್ಪಳ ಲ್ಯಾಬ್

ಚಾ, ಕಾಫಿ, ಹಾಲು ಎಲ್ಲ ಮಾತ್ರೆಯಿಂದ ಒಂದೆರಡು ಗಂಟೆ ದೂರ ಇರಲಿ, ಕಬ್ಬಿಣ ಒಳಗೆ ಹೋಗಲು ಬಿಡುವುದಿಲ್ಲ. ಲಿಂಬೆ ಶರಬತ್ತು ಆದೀತು. ಹೊಟ್ಟೆಗೆ ಕಷ್ಟ ಆದರೆ ದಿನ ಬಿಟ್ಟು ದಿನ ತಿನ್ನಬಹುದಾ ಅಂತ ಡಾಕ್ಟರನ್ನು ಕೇಳಲಿ, ಹಾಗೂ ಕೊಡುತ್ತಾರೆ. ಮಲ ಕಪ್ಪಾದರೆ ಹೆದರುವುದು ಬೇಡ.

ಚಪಾತಿ ಬಿಡಲೇಬಾರದು. ಗೋಧಿ ಬಿಟ್ಟರೆ ಟಿಟಿಜಿ ಟೆಸ್ಟ್ ಹುಡುಕುವ ಆ್ಯಂಟಿಬಾಡಿ ಇಳಿದುಹೋಗಿ, ಕಾಯಿಲೆ ಇದ್ದರೂ ಟೆಸ್ಟ್ ನೆಗೆಟಿವ್ ತೋರಿಸಬಹುದು. ನಮ್ಮ ಕಡೆಯವರು ಮೂರು ಹೊತ್ತು ಅನ್ನವೇ ತಿನ್ನುವುದರಿಂದ ಇದನ್ನು ವಿಶೇಷವಾಗಿ ಹೇಳಬೇಕು. ರಕ್ತ ಕೊಡುವ ಮೊದಲಿನ ಆರು ವಾರ ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಚಪಾತಿಯೋ ಗೋಧಿದೋಸೆಯೋ ಇರಲಿ. ಜೊತೆಗೆ ‘ಟೋಟಲ್ ಐಜಿಎ’ ಕೂಡ ಬರೆಸಿ. ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಅನ್ನುವ ಆ್ಯಂಟಿಬಾಡಿಯೇ ಇರುವುದಿಲ್ಲ, ಅಂಥವರಲ್ಲಿ ಟಿಟಿಜಿ-ಐಜಿಎ ಸುಳ್ಳೇ ನೆಗೆಟಿವ್ ಬರುತ್ತದೆ. ರಕ್ತ ಕೊಡಲು ಬರಿಹೊಟ್ಟೆ ಬೇಡ, ಸಂಜೆಯೂ ಕೊಡಬಹುದು.